ದಿಗಿಣಕ್ಕೆ ಒಡೆಯರುಂಟೇ?

ಪ್ರಸಂಗ ಪುಸ್ತಕಗಳ ಈ ಪ್ರದರ್ಶನವನ್ನು ಸಂತೋಷದಿಂದ ಉದ್ಘಾಟಿಸಿದ್ದೇನೆ. ಯಕ್ಷಗಾನದ ಎಲ್ಲ ಮುಖಗಳನ್ನೂ ಹೇಳಹೊರಡುವುದಿಲ್ಲ. ಬಹುಕಾಲದಿಂದ ಕಾಡುತ್ತಿರುವ ಕೃತಿಸ್ವಾಮ್ಯದ ಪ್ರಶ್ನೆಯೊಂದನ್ನೇ ಎತ್ತಿಕೊಳ್ಳುತ್ತೇನೆ.

2001ರಲ್ಲಿ ಮಣಿಪಾಲದ ಸಂಸ್ಥೆಯೊಂದು ದೆಹಲಿಯಲ್ಲಿ ‘ಅಭಿಮನ್ಯು ವಧೆ’ ಆಡಿಸಿತು. ಅದು ಶಿವರಾಮ ಕಾರಂತರು ರೂಪಿಸಿದ ಯಕ್ಷರಂಗದ ಪ್ರಯೋಗ. 1997ರಲ್ಲಿ ಅವರು ತೀರಿಕೊಂಡಿದ್ದರು. ಹಕ್ಕು ಉಯಿಲಿನ ಮೂಲಕ ಬೇರೆಯವರಿಗೆ ಸೇರಿತ್ತು. ಉಡುಪಿಯಲ್ಲಿ ಹೂಡಿದ ದಾವೆ ಸುಪ್ರೀಂ ಕೋರ್ಟ್‌ವರೆಗೆ ಹೋಗಿ 2009ರಲ್ಲಿ ತೀರ್ಮಾನವಾಯಿತು. ಹಕ್ಕು ಉಯಿಲಿನ ವಾರಸುದಾರರದೇ ಎಂದ ನ್ಯಾಯಾಲಯ, ಕಾಯ್ದೆಯ ವಿನಾಯಿತಿಗಳಿಗೆ ಅಡ್ಡಿಯಿಲ್ಲವೆಂದೂ ಸೇರಿಸಿತು. ನನಗದು ನ್ಯಾಯವಾಗಿಯೇ ಕಾಣುತ್ತದೆ. ರಾತ್ರಿಯಿಡೀ ನಡೆಯುವ ಆಟವನ್ನು ಕೆಲವೇ ಗಂಟೆಗಳಿಗೆ ಇಳಿಸಿ, ಮಾತು ತಗ್ಗಿಸಿ, ಪಿಟೀಲು, ಸ್ಯಾಕ್ಸೋಫೋನ್ ಕೂಡಿಸಿದ ಆ ಜೋಡಣೆ ಕಾರಂತರ ಸ್ವಂತದ್ದು. ಆದರೆ ಹಕ್ಕು ಜೋಡಣೆಯ ಗಡಿ ದಾಟಬಾರದು. ಅಭಿಮನ್ಯು ಚಕ್ರವ್ಯೂಹಕ್ಕೆ ನುಗ್ಗುವಾಗ ಭಾಗವತರು ಪದದ ವೇಗ ಏರಿಸುತ್ತಾರೆ, ಚೆಂಡೆ ಗುಡುಗುತ್ತದೆ, ವೇಷಧಾರಿ ಒಂದರ ಮೇಲೊಂದು ದಿಗಿಣ, ಅಂದರೆ ಗಿರಕಿಯ ನೆಗೆತ, ಹಾಕುತ್ತಾನೆ. ಈ ಕಥೆಯನ್ನು ವ್ಯಾಸರಿಂದ ಕುಮಾರವ್ಯಾಸ ಪಡೆದ. ದಿಗಿಣವನ್ನು ಹೆಸರಿಲ್ಲದ ಎಷ್ಟೋ ತಲೆಮಾರುಗಳು ತಿದ್ದಿದವು. ಪಾರ್ತಿಸುಬ್ಬನ ಹೆಸರಿನ ರಾಮಾಯಣ ಪ್ರಸಂಗಗಳ ಹಿಂದೆ ತೊರವೆ ರಾಮಾಯಣವಿದೆ. ಇದನ್ನೆಲ್ಲ ಕಳವು ಎಂದರೆ ಯಕ್ಷಗಾನವೇ ಉಳಿಯದು. 1978ರ ಆರ್. ಜಿ. ಆನಂದ್ ಪ್ರಕರಣದಲ್ಲಿಯೂ ಸುಪ್ರೀಂ ಕೋರ್ಟ್, ವಸ್ತುವಿಗೆ, ಪುರಾಣಕಥೆಗೆ ಕೃತಿಸ್ವಾಮ್ಯವಿಲ್ಲ, ಅದನ್ನು ಹೇಳಿದ ರೀತಿಗೆ ಉಂಟು ಎಂದಿತ್ತು.

ಹಾಗಾದರೆ ಇಂದಿನ ಪ್ರಸಂಗಕರ್ತನ ಗತಿಯೇನು ಎಂದು ಕೇಳುವವರಿದ್ದಾರೆ. ಕೇಳಲೇಬೇಕಾದ ಮಾತದು. ಮಟ್ಟು ಹಳೆಯದಾದರೂ ಪದ ಅವನದು. ಮೇಳ ಅವನಿಗೆ ಸಂಭಾವನೆ ಕೊಡಬೇಕು, ಕರಪತ್ರದಲ್ಲಿ ಹೆಸರು ಹಾಕಬೇಕು. ನನಗೆ ಒಪ್ಪಿಗೆಯಾಗದಿರುವುದು ಅವಧಿ. ಕರ್ತೃ ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. ಕಾರಂತರ ಕೃತಿಗಳು ಎಲ್ಲರವಾಗಲು 2058 ಬರಬೇಕು. ಟಿಕೆಟ್ಟಿಲ್ಲದೆ ಆಡುವ ಹವ್ಯಾಸಿ ಸಂಘಗಳಿಗೆ ಕಾಯ್ದೆ ವಿನಾಯಿತಿ ಕೊಟ್ಟಿದೆ, ನಿಜ. ಆದರೆ ಹರಕೆಯಾಟಕ್ಕೆ ಟಿಕೆಟ್ಟಿಲ್ಲದಿದ್ದರೂ ಮೇಳದವರು ಸಂಬಳಕ್ಕೆ ಕುಣಿಯುವವರು. ಹವ್ಯಾಸಿ ಎಂಬ ಮಾತು ಅವರಿಗೆ ಒಪ್ಪುವುದಿಲ್ಲ. ನಮ್ಮ ಕಲೆಯ ನಡೆಯನ್ನು ನೋಡಿ ಬರೆದ ಕಾನೂನಲ್ಲ ಇದು.

ಯಾವುದು ಪರಂಪರೆ, ಯಾವುದು ಒಬ್ಬನ ಸೃಷ್ಟಿ ಎಂಬುದನ್ನು ನ್ಯಾಯಾಲಯದಲ್ಲಿ ಬಾಯಿಮಾತಿನಿಂದ ಸಾಧಿಸುವುದು ಕಷ್ಟ. ಈ ಪ್ರದರ್ಶನದಲ್ಲಿ ಜೋಡಿಸಿಟ್ಟ ತಾಳೆಗರಿ, ಹಳೆಯ ಅಚ್ಚಿನ ಪ್ರತಿಗಳೇ ಅದಕ್ಕೆ ಸಾಕ್ಷಿ. ಸಂಘಟಕರು ಪ್ರತಿಯೊಂದನ್ನೂ ಸ್ಕ್ಯಾನ್ ಮಾಡಿಸಿ, ಕವಿ, ಕಾಲ, ಮಟ್ಟುಗಳನ್ನು ನಮೂದಿಸಿ, ಯಾರು ಬೇಕಾದರೂ ನೋಡುವಂತೆ ಮಾಡಬೇಕು. ಆ ಕೆಲಸವನ್ನು ಈ ಪ್ರದರ್ಶನ ಮುಗಿಯುವುದರೊಳಗೇ ಶುರುಮಾಡಿ ಎಂದು ಕೇಳಿಕೊಳ್ಳುತ್ತೇನೆ.