ಸಂತೆ ಕರಗುವ ಹೊತ್ತಿನ ಅಡುಗೆ

ಮಲೆನಾಡಿನ ವಾರದ ಸಂತೆಯಲ್ಲಿ ಕತ್ತಲಾಗುತ್ತಿದ್ದಂತೆ ತರಕಾರಿಯ ಬೆಲೆ ಇಳಿಯುತ್ತದೆ. ಬಾಡಿದ ಹರಿವೆ, ಹೀರೇಕಾಯಿ, ಮೆತ್ತಗಾದ ಟೊಮೆಟೊ ಗುಡ್ಡೆಯ ಲೆಕ್ಕದಲ್ಲಿ ಬಿಕರಿಯಾಗುತ್ತವೆ. ಕೂಲಿ ಮುಗಿಸಿ ಬಂದ ಹೆಂಗಸು ಕಾಯುವುದು ಆ ಗಳಿಗೆಯನ್ನೇ. ಹರಿವೆಗೆ ಬೆಳ್ಳುಳ್ಳಿಯ ಒಗ್ಗರಣೆ ಬಿದ್ದರೆ ಪಲ್ಯ. ಟೊಮೆಟೊ ಕಿವುಚಿ ಕುದಿಸಿದರೆ ಬೇಳೆಯಿಲ್ಲದ ಸಾರು. ಹೀರೆಯ ಸಿಪ್ಪೆಯೂ ತಿಪ್ಪೆಗೆ ಹೋಗದು: ಉದ್ದಿನಬೇಳೆ, ಒಣಮೆಣಸು, ಹುಣಸೆಯೊಡನೆ ಹುರಿದು ರುಬ್ಬಿದರೆ ಚಟ್ನಿ. ಅನ್ನ ಬೇಯುವಷ್ಟರಲ್ಲಿ ಊಟ ಸಿದ್ಧ.

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಅಂದಾಜಿನಂತೆ 2022ರಲ್ಲಿ ಜಗತ್ತು ಚೆಲ್ಲಿದ ಆಹಾರ 105 ಕೋಟಿ ಟನ್, ಅದರಲ್ಲಿ ಶೇ. 60ರಷ್ಟು ಮನೆಗಳದೇ.

ಆದರೆ ಈ ಅಗ್ಗವನ್ನು ಕೊಂಡಾಡುವಂತಿಲ್ಲ. ಕೊನೆಯ ಬಸ್ಸು ಹಿಡಿಯಬೇಕಾದ ಬೆಳೆಗಾರ ಚೌಕಾಸಿಗೆ ನಿಲ್ಲಲಾರ. ಆಗಲೂ ಇನ್ನೆರಡು ರೂಪಾಯಿ ಇಳಿಸೆಂದು ಹಟ ಹಿಡಿಯುವವರು ಹೆಚ್ಚಾಗಿ ಕಾರಿನಲ್ಲಿ ಬಂದವರು.