ಮೊದಲನೆಯ ಕ್ಯಾಮೆರಾ

ಹೊಸದಾಗಿ ಕ್ಯಾಮೆರಾ ಕೊಂಡವರ ಸಡಗರವನ್ನು ಬಲ್ಲವರೇ ಬಲ್ಲರು. ಮನೆಯ ಬೆಕ್ಕು, ಅಂಗಳದ ತುಳಸಿ, ಬಾಗಿಲಿಗೆ ಬಂದ ಹಾಲಿನವನು, ಯಾರಿಗೂ ಬಿಡುಗಡೆಯಿಲ್ಲ. ವಾರ ಕಳೆಯುವುದರೊಳಗೆ ಸಡಗರವಿಳಿದು ಸಂಶಯವೊಂದು ತಲೆದೋರುತ್ತದೆ. ಚಿತ್ರಗಳು ಎಣಿಸಿದಂತೆ ಬರಲಿಲ್ಲ. ಇನ್ನೂ ಹೆಚ್ಚು ಬೆಲೆಯದನ್ನು ಕೊಳ್ಳಬೇಕಾಗಿತ್ತೋ ಏನೋ! ಈ ಸಂಶಯವನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದಿದ್ದೇವೆ.

ಮೊದಲು ನಮ್ಮದೇ ತಪ್ಪೊಂದನ್ನು ಒಪ್ಪಿಕೊಂಡುಬಿಡುವುದು ಲೇಸು. ಕಾಲೇಜಿನಲ್ಲಿ ಓದುತ್ತಿದ್ದಾಗ, 1998ರಲ್ಲಿ, ಪಾಠ ಹೇಳಿ ಕೂಡಿಟ್ಟ ಹಣದಿಂದ ಸಾಧಾರಣವಾದ ಫಿಲ್ಮ್ ಕ್ಯಾಮೆರಾ ಒಂದನ್ನು ಕೊಂಡೆವು. ಸುರುಳಿಗೆ 36 ಚಿತ್ರಗಳು. ಮೊದಲ ಸುರುಳಿಯ ಕಡೆಯ ಚಿತ್ರವನ್ನು ನಮ್ಮ ಅಜ್ಜಿಗೆಂದು ಮೀಸಲಿಟ್ಟಿದ್ದೆವು. ಅವರು ಹಬ್ಬದ ಸೀರೆಯುಟ್ಟು, ನಡುಮನೆಯ ಕಿಟಕಿಗೆ ಬೆನ್ನು ಮಾಡಿ ಕುಳಿತರು. ಹಾಗೆ ಕೂರಿಸಿದವರು ನಾವೇ. ಚಿತ್ರ ಅಚ್ಚಾಗಿ ಬಂದಾಗ ಕಿಟಕಿಯ ಸರಳುಗಳೂ ಅದರಾಚೆಯ ದಾಸವಾಳದ ಗಿಡವೂ ಸ್ಪಷ್ಟವಾಗಿದ್ದುವು. ಅಜ್ಜಿಯ ಮುಖವಿರಬೇಕಾದ ಕಡೆ ಇದ್ದುದು ಬರಿಯ ಕಪ್ಪು. “ಹೋಗಲಿ ಬಿಡು ಮಗು, ಮುಂದಿನ ಹಬ್ಬಕ್ಕೆ ತೆಗೆದರಾಯಿತು” ಎಂದರು. ಮುಂದಿನ ಹಬ್ಬಕ್ಕೆ ಅವರಿರಲಿಲ್ಲ.

ಅಂದು ನಾವು ಕ್ಯಾಮೆರಾವನ್ನು ಬೈದೆವು. ದೋಷವಿದ್ದುದು ಕ್ಯಾಮೆರಾದಲ್ಲಲ್ಲ. ಮನುಷ್ಯನ ಕಣ್ಣು ಕಿಟಕಿಯ ಬೆಳಕನ್ನೂ ಅದಕ್ಕೆ ಬೆನ್ನು ಮಾಡಿದ ಮುಖವನ್ನೂ ಒಟ್ಟಿಗೆ ಗ್ರಹಿಸಬಲ್ಲುದು. ಫಿಲ್ಮ್ ಆಗಲಿ, ಇಂದಿನ ಡಿಜಿಟಲ್ ಕ್ಯಾಮೆರಾದ ಸೆನ್ಸರ್ ಆಗಲಿ, ಅಷ್ಟು ಉದಾರಿಯಲ್ಲ. ಒಂದನ್ನು ಹಿಡಿದರೆ ಇನ್ನೊಂದನ್ನು ಬಿಡುತ್ತದೆ. ಅಜ್ಜಿಯನ್ನು ಕಿಟಕಿಯ ಕಡೆಗೆ ತಿರುಗಿಸಿ ಕೂರಿಸಿದ್ದರೆ ಆಗಿತ್ತು. ಅದಕ್ಕೆ ಕಾಸಿನ ಖರ್ಚಿರಲಿಲ್ಲ.

ಅಗ್ಗದ ಕ್ಯಾಮೆರಾವೆಂದು ಮೂಗು ಮುರಿಯುವವರು ಒಂದು ಸಂಗತಿಯನ್ನು ನೆನೆಯಬೇಕು. 1900ರಲ್ಲಿ ಅಮೆರಿಕದ ಕೊಡಕ್ ಸಂಸ್ಥೆಯು ಬ್ರೌನಿ ಎಂಬ ರಟ್ಟಿನ ಪೆಟ್ಟಿಗೆಯ ಕ್ಯಾಮೆರಾವನ್ನು ಒಂದು ಡಾಲರಿಗೆ ಮಾರಿತು. ಅದರಲ್ಲಿ ಹೊಂದಿಸಿಕೊಳ್ಳುವುದಕ್ಕೆ ಏನೂ ಇರಲಿಲ್ಲವೆಂದೇ ಹೇಳಬಹುದು. ಆದುದರಿಂದ ಸೂರ್ಯನೆಲ್ಲಿದ್ದಾನೆಂದು ನೋಡಿ ಚಿತ್ರಕಾರನೇ ತನ್ನನ್ನು ಹೊಂದಿಸಿಕೊಳ್ಳಬೇಕಾಗಿತ್ತು. ಮುಂದೆ ಪರ್ವತಗಳ ಚಿತ್ರಗಳಿಂದ ಲೋಕಪ್ರಸಿದ್ಧರಾದ ಆನ್ಸೆಲ್ ಆಡಮ್ಸ್ ಅವರು 1916ರಲ್ಲಿ, ತಮ್ಮ ಹದಿನಾಲ್ಕನೆಯ ವಯಸ್ಸಿನಲ್ಲಿ, ಯೋಸೆಮಿಟಿ ಕಣಿವೆಯಲ್ಲಿ ಆರಂಭಿಸಿದ್ದು ಇಂಥದೊಂದು ಬ್ರೌನಿಯಿಂದಲೇ.

ಇಂದಿನ ಮೊದಲ ಮೆಟ್ಟಿಲಿನ ಕ್ಯಾಮೆರಾದಲ್ಲಿ ಗುಂಡಿಗಳು ಹಲವಿದ್ದರೂ ಬೆಳಕನ್ನು ಆಳುವುವು ಮೂರೇ. ಲೆನ್ಸಿನೊಳಗಿನ ಕಂಡಿ, ಅಂದರೆ ಅಪರ್ಚರ್. ಬೆಳಕು ಒಳಬರುವ ಹೊತ್ತನ್ನು ಅಳೆಯುವ ಷಟರ್. ಸೆನ್ಸರು ಬೆಳಕಿಗೆ ಎಷ್ಟು ಬೇಗ ಓಗೊಡಬೇಕೆಂಬುದನ್ನು ಗೊತ್ತುಮಾಡುವ ಐ.ಎಸ್.ಓ. ಅಪರ್ಚರಿನ ಅಂಕಿ ದೊಡ್ಡದಾದಷ್ಟೂ ಕಂಡಿ ಕಿರಿದು; ಇದೊಂದು ವಕ್ರವನ್ನು ಆರಂಭದಲ್ಲೇ ಮನನ ಮಾಡಿಕೊಳ್ಳತಕ್ಕದ್ದು. ನಿಚ್ಚಳವಾದ ಬಿಸಿಲಿನಲ್ಲಿ ಐ.ಎಸ್.ಓ. 100, ಅಪರ್ಚರ್ 16, ಷಟರು ಸೆಕೆಂಡಿನ 1/125 ಎಂದಿಟ್ಟರೆ ಚಿತ್ರ ಬಹುಮಟ್ಟಿಗೆ ಸರಿಯಾಗಿ ಮೂಡುತ್ತದೆ. ಮೋಡ ಕವಿದರೆ ಅಪರ್ಚರನ್ನು 8ಕ್ಕೂ, ಮರದ ನೆರಳಿಗೆ ಹೋದರೆ 4ಕ್ಕೂ ಇಳಿಸಬೇಕು. ಕ್ಯಾಮೆರಾ ತಾನೇ ಲೆಕ್ಕ ಹಾಕಬಲ್ಲುದು, ನಿಜ. ಆದರೆ ಬೆಳಗುವ ಕಿಟಕಿಯನ್ನು ಕಂಡು ಅದು ಇಂದಿಗೂ ಮೋಸಹೋಗುವುದುಂಟು.

ಅಭ್ಯಾಸಕ್ಕೆ ಕಾಶ್ಮೀರಕ್ಕೆ ಹೋಗಬೇಕಾದುದಿಲ್ಲ. ಒಂದು ತಿಂಗಳು ನಿಮ್ಮ ಮನೆಯ ಒಂದೇ ಕಿಟಕಿಯ ಬಳಿ, ಒಂದೇ ಮುಖವನ್ನು, ಬೆಳಿಗ್ಗೆ, ನಡುಹಗಲು, ಇಳಿಹೊತ್ತು ತೆಗೆದು ನೋಡಿರಿ. ವಾರಕ್ಕೆ 36 ಚಿತ್ರಗಳೆಂದು ನಿಮಗೆ ನೀವೇ ಕಟ್ಟು ಹಾಕಿಕೊಳ್ಳಿರಿ. ಈಗ ಚಿತ್ರ ತೆಗೆಯಲು ಖರ್ಚಿಲ್ಲವೆಂಬುದು ನಿಜವಾದರೂ, ಎಣಿಕೆಯಿದ್ದಾಗಲೇ ಒತ್ತುವ ಬೆರಳಿಗಿಂತ ಮುಂಚೆ ನೋಡುವ ಕಣ್ಣು ಎಚ್ಚರಗೊಳ್ಳುತ್ತದೆ. ಆಗಲೂ ನಿಮ್ಮ ಕ್ಯಾಮೆರಾ ಸಾಲದೆಂದು ತೋರಿದರೆ ದೊಡ್ಡದನ್ನು ಕೊಳ್ಳಬಹುದು. ಏಕೆ ಸಾಲದೆಂಬುದಾದರೂ ಗೊತ್ತಾಗಿರುತ್ತದೆ.

ಅಜ್ಜಿಯ ಆ ಚಿತ್ರ ಇಂದಿಗೂ ನಮ್ಮ ಮೇಜಿನ ಮೇಲಿದೆ. ಸೀರೆಯ ಅಂಚಿನ ಒಂದು ಗೆರೆಯಷ್ಟೇ ಬೆಳಕಿನಲ್ಲಿ ಗುರುತಾಗುತ್ತದೆ. ನಿಮ್ಮ ಮನೆಯಲ್ಲಿ ಹಿರಿಯರಿದ್ದರೆ ಈ ಭಾನುವಾರವೇ ಅವರನ್ನು ಕಿಟಕಿಯ ಬಳಿ ಕೂರಿಸಿರಿ, ಮುಖ ಬೆಳಕಿನ ಕಡೆಗಿರಲಿ. ಇರುವ ಕ್ಯಾಮೆರಾವೇ ಸಾಕು.