ಕುಚ್ಚಲಕ್ಕಿಯ ವಿಚಾರ

ಸಂಸ್ಕಾರವೆಂಬುದು ನಮ್ಮ ಭಾಷೆಯಲ್ಲಿ ಮರ್ಯಾದೆಯ ಶಬ್ದ. ಸಂಸ್ಕಾರವುಳ್ಳವನೆಂದರೆ ಹೊಗಳಿಕೆ, ಇಲ್ಲದವನೆಂದರೆ ಬೈಗುಳು. ಆಹಾರದ ವಿಷಯದಲ್ಲಿ ಮಾತ್ರ ಈಚೆಗೆ ಇದು ತಲೆಕೆಳಗಾಗಿದೆ. ‘ಸಂಸ್ಕರಿಸಿದ ಆಹಾರ’ ಎಂದು ಹೇಳಿದರೆ ಸಾಕು, ವಿದ್ಯಾವಂತರು ತಟ್ಟೆಯಿಂದ ಕೈಯನ್ನು ಹಿಂದಕ್ಕೆಳೆದುಕೊಳ್ಳುವರು. ವೈದ್ಯರು, ಪತ್ರಿಕೆಗಳವರು, ನೆರೆಮನೆಯವರು ಎಲ್ಲರೂ ಕೊಡುವ ಬುದ್ಧಿವಾದ ಒಂದೇ: ಯಂತ್ರದ ಕೈ ತಾಗದುದನ್ನು ತಿನ್ನಿ, ಪ್ರಕೃತಿ ಕೊಟ್ಟುದನ್ನು ಕೊಟ್ಟಂತೆಯೇ ತಿನ್ನಿ. ಈ ಮಾತಿನಲ್ಲಿ ಸತ್ಯವಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಅದು ಎಷ್ಟು ದೂರ ಸತ್ಯ, ಎಲ್ಲಿ ನಮ್ಮನ್ನು ದಾರಿ ತಪ್ಪಿಸುವುದು ಎಂಬುದನ್ನು ತಿಳಿಯಬೇಕಾದರೆ ಯಾವುದಾದರೂ ಒಂದು ಧಾನ್ಯವನ್ನು ಕೈಯಲ್ಲಿ ಹಿಡಿದುಕೊಂಡು ನೋಡುವುದು ಲೇಸು. ಈ ಹೊತ್ತು ನಾನು ಹಿಡಿದುಕೊಂಡಿರುವುದು ಕರಾವಳಿಯ ಕುಚ್ಚಲಕ್ಕಿಯನ್ನು.

ಉಡುಪಿ ಜಿಲ್ಲೆಯ ತೆಂಕಣ ಅಂಚಿನಲ್ಲಿ ಹೆಜಮಾಡಿ ಎಂಬ ಊರಿದೆ. ಒಂದು ಕಡೆ ಕಡಲು, ಒಂದು ಕಡೆ ಶಾಂಭವಿ ಹೊಳೆ. ಹೊಳೆಯನ್ನು ದಾಟಿದರೆ ಮೂಲ್ಕಿ. ಹೆದ್ದಾರಿಯಲ್ಲಿ ಸುಂಕದ ಕಟ್ಟೆಯ ಬಳಿ ಗಾಡಿ ನಿಲ್ಲಿಸುವ ಪ್ರಯಾಣಿಕರು ಊರಿನ ಹೆಸರನ್ನು ಬಲ್ಲರು. ಕೋಡಿಯ ಮರಳು ದಿಣ್ಣೆಯವರೆಗೆ ಹೋಗಿ ಬಂದವರು ಕಡಿಮೆ. ಇಂಥ ಊರುಗಳ ಅಂಗಡಿಗಳನ್ನು ನೋಡಿದರೆ ಕಾಲದ ಬದಲಾವಣೆ ಒಂದೇ ನೋಟಕ್ಕೆ ತಿಳಿಯುವುದು. ಮುಂದುಗಡೆ ಬಣ್ಣಬಣ್ಣದ ಪೊಟ್ಟಣಗಳ ತೋರಣ: ಹುರಿದ ಆಲೂಗಡ್ಡೆಯ ಬಿಲ್ಲೆ, ಎರಡು ನಿಮಿಷದ ನೂಡಲ್ಸ್, ಸಿಹಿ ನೀರಿನ ಸೀಸೆ. ಅದರ ಹಿಂದೆ ನೆಲದ ಮೇಲೆ ಅಕ್ಕಿಯ ಚೀಲಗಳು. ಆ ಚೀಲಗಳಲ್ಲಿ ಎರಡು ಜಾತಿ. ಬೆಳ್ಳಗಿರುವ ಬೆಳ್ತಿಗೆ, ದೋಸೆಗೆ, ಕಡುಬಿಗೆ, ದೇವರ ನೈವೇದ್ಯಕ್ಕೆ. ಮಾಸಲು ಬಣ್ಣದ ದಪ್ಪ ಕಾಳಿನ ಕುಚ್ಚಲಕ್ಕಿ, ದಿನದಿನದ ಗಂಜಿಗೆ ಮತ್ತು ಊಟಕ್ಕೆ. ಮೈಸೂರು ಸೀಮೆಯಿಂದ ಹೋದವರಿಗೆ ಇದರ ಪರಿಮಳ ಮೊದಲ ದಿನ ಹಿಡಿಸುವುದಿಲ್ಲ. ಮೂರನೆಯ ದಿನ ಕೇಳಿ ಬಡಿಸಿಕೊಳ್ಳುವರು.

ಕುಚ್ಚು ಎಂದರೆ ಬೇಯಿಸು. ಭತ್ತವನ್ನು ನೀರಿನಲ್ಲಿ ನೆನೆಯಿಟ್ಟು, ಸಿಪ್ಪೆಯ ಸಮೇತ ದೊಡ್ಡ ಹಂಡೆಗಳಲ್ಲಿ ಬೇಯಿಸಿ, ಅಂಗಳದಲ್ಲಿ ಹರಡಿ ಒಣಗಿಸಿ, ಅನಂತರ ಕುಟ್ಟಿ ತೆಗೆದ ಅಕ್ಕಿಯೇ ಕುಚ್ಚಲಕ್ಕಿ. ಹಿಂದೆ ಇದು ಮನೆಮನೆಯ ಹೆಂಗಸರ ಕೆಲಸ, ಈಗ ಗಿರಣಿಯ ಕೆಲಸ. ಹಳೆಯ ಕ್ರಮದಲ್ಲಿ ತಣ್ಣೀರಿನಲ್ಲಿ ಒಂದೆರಡು ದಿನ ನೆನೆದ ಭತ್ತ ಹುಳಿತು ನಾರುತ್ತಿತ್ತು. ೧೯೫೦ರಲ್ಲಿ ಮೈಸೂರಿನ ಚೆಲುವಾಂಬಾ ವಿಲಾಸದಲ್ಲಿ ನೆಲೆಗೊಂಡ ಕೇಂದ್ರ ಆಹಾರ ಸಂಶೋಧನಾಲಯದವರು ಭತ್ತವನ್ನು ಬಿಸಿನೀರಿನಲ್ಲಿ ಕೆಲವೇ ಗಂಟೆಗಳ ಕಾಲ ನೆನೆಸುವ ವಿಧಾನವನ್ನು ರೂಪಿಸಿ ಈ ನಾತವನ್ನು ನೀಗಿಸಿದರು. ಹೇಗೆ ನೋಡಿದರೂ ಇದು ಪ್ರಕೃತಿ ಕೊಟ್ಟಂತೆ ತಿನ್ನುವ ವಸ್ತುವಲ್ಲ. ನೆನೆಸಿ, ಬೇಯಿಸಿ, ಒಣಗಿಸಿ, ಸುಲಿದು ಮಾಡಿದ್ದು. ಅಂದರೆ ಸಂಪೂರ್ಣವಾಗಿ ಸಂಸ್ಕರಿಸಿದ್ದು. ಬೆಳ್ತಿಗೆಗೆ ಇಷ್ಟೆಲ್ಲ ಉಪಚಾರವಿಲ್ಲ; ಸುಲಿದರೆ ಆಯಿತು. ಸಂಸ್ಕಾರ ಕಡಿಮೆಯಾದಷ್ಟೂ ಆಹಾರ ಉತ್ತಮವೆಂಬ ಸೂತ್ರ ಸರಿಯಾಗಿದ್ದರೆ ಬೆಳ್ತಿಗೆಯೇ ಗೆಲ್ಲಬೇಕು. ಆದರೆ ಇತಿಹಾಸವು ಬೇರೆಯೇ ತೀರ್ಪನ್ನು ಕೊಟ್ಟಿದೆ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪೂರ್ವದೇಶಗಳಲ್ಲೆಲ್ಲ ಬೆರಿಬೆರಿ ಎಂಬ ರೋಗ ಹಬ್ಬಿತು. ಕಾಲುಗಳು ಸೋಲುವುವು, ಮೈ ಬಾತುಕೊಳ್ಳುವುದು, ಕಡೆಗೆ ಹೃದಯ ನಿಲ್ಲುವುದು. ಸೈನಿಕರು, ಕೈದಿಗಳು, ಗಣಿಯ ಕೂಲಿಗಳು ಗುಂಪುಗುಂಪಾಗಿ ಸತ್ತರು. ಯಾವುದೋ ಕ್ರಿಮಿಯ ಕೆಲಸವೆಂದು ವೈದ್ಯರು ನಂಬಿದ್ದರು. ಜಾವಾ ದ್ವೀಪದಲ್ಲಿ ಆ ಕ್ರಿಮಿಯನ್ನು ಹುಡುಕುತ್ತಿದ್ದ ಡಚ್ ವೈದ್ಯ ಐಕ್‌ಮಾನ್, ತನ್ನ ಪ್ರಯೋಗಶಾಲೆಯ ಕೋಳಿಗಳೂ ಅದೇ ರೀತಿ ಕಾಲು ಸೋತು ಬೀಳುವುದನ್ನು ಕಂಡನು. ಸೈನ್ಯದ ಆಸ್ಪತ್ರೆಯಲ್ಲಿ ಮಿಕ್ಕ ಬಿಳಿಯ ಅನ್ನವನ್ನು ಅವಕ್ಕೆ ಹಾಕುತ್ತಿದ್ದರು. ಅಲ್ಲಿಗೆ ಹೊಸದಾಗಿ ಬಂದ ಅಡಿಗೆಯವನು, ಸೈನ್ಯದ ಅನ್ನವನ್ನು ಸೈನ್ಯಕ್ಕೆ ಸೇರದ ಕೋಳಿಗಳಿಗೆ ಕೊಡಕೂಡದೆಂದು ನಿಲ್ಲಿಸಿಬಿಟ್ಟನು. ಒರಟು ಅಕ್ಕಿಯನ್ನು ತಿಂದು ಕೋಳಿಗಳು ಗುಣವಾದುವು! ಕಚೇರಿಯ ಕಟ್ಟುನಿಟ್ಟಿನಿಂದ ಲೋಕಕ್ಕೆ ಉಪಕಾರವಾದ ಅಪೂರ್ವ ಉದಾಹರಣೆಗಳಲ್ಲಿ ಇದೊಂದು. ಐಕ್‌ಮಾನನಿಗೆ ೧೯೨೯ರಲ್ಲಿ ನೊಬೆಲ್ ಪಾರಿತೋಷಕ ಬಂತು. ಅಡಿಗೆಯವನಿಗೆ ಏನೂ ಬಂದಂತೆ ಕಾಣೆ.

ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು ಮಲಯ ದೇಶದ ಕಥೆ. ಅಲ್ಲಿ ಚೀನೀ ಕೂಲಿಗಳಿಗೆ ಬೆರಿಬೆರಿ ಬರುತ್ತಿತ್ತು. ತಮಿಳು ಕೂಲಿಗಳಿಗೆ ಬರುತ್ತಿರಲಿಲ್ಲ. ಇಬ್ಬರೂ ತಿನ್ನುತ್ತಿದ್ದುದು ಅನ್ನವನ್ನೇ. ಚೀನೀಯರದು ಸಯಾಮಿನ ಬಿಳಿಯ ಅಕ್ಕಿ, ತಮಿಳರದು ಊರಿನ ಅಭ್ಯಾಸದಂತೆ ಕುಚ್ಚಿದ ಅಕ್ಕಿ. ೧೯೦೫ರ ಕೊನೆಯಲ್ಲಿ ಫ್ಲೆಚರ್ ಎಂಬ ವೈದ್ಯನು ಕೌಲಾಲಂಪುರದ ಹುಚ್ಚರ ಆಸ್ಪತ್ರೆಯ ರೋಗಿಗಳನ್ನು ಸಾಲಾಗಿ ನಿಲ್ಲಿಸಿ, ಬೆಸ ಸಂಖ್ಯೆಯವರಿಗೆ ಬಿಳಿಯ ಅಕ್ಕಿಯನ್ನೂ ಸಮ ಸಂಖ್ಯೆಯವರಿಗೆ ಕುಚ್ಚಿದ ಅಕ್ಕಿಯನ್ನೂ ಕೊಡಿಸಿದನು. ಕಟ್ಟಡದಲ್ಲಿ ದೋಷವಿರಬಹುದೋ ಎಂದು ನಡುವೆ ಎರಡು ಗುಂಪುಗಳ ವಾಸಸ್ಥಾನವನ್ನೂ ಅದಲುಬದಲು ಮಾಡಿದನು. ವರ್ಷ ತಿರುಗುವ ವೇಳೆಗೆ ಬಿಳಿಯ ಅಕ್ಕಿಯ ಗುಂಪಿನಲ್ಲಿ ೧೮ ಮಂದಿ ಬೆರಿಬೆರಿಯಿಂದ ಸತ್ತಿದ್ದರು. ಕುಚ್ಚಿದ ಅಕ್ಕಿಯನ್ನು ತಿಂದವರಲ್ಲಿ ಒಬ್ಬನೂ ಸಾಯಲಿಲ್ಲ. ಬಾಯಿಯಿಲ್ಲದ ರೋಗಿಗಳ ಮೇಲೆ ನಡೆದ ಈ ಪರೀಕ್ಷೆಯನ್ನು ಇಂದು ಯಾರೂ ಒಪ್ಪಲಾರರು. ಆದರೆ ಆ ಹದಿನೆಂಟು ಜೀವಗಳು ಕೊಟ್ಟ ಪಾಠವನ್ನು ಮರೆಯುವುದಕ್ಕೂ ನಮಗೆ ಅಧಿಕಾರವಿಲ್ಲ.

ಕಾರಣವನ್ನು ಈಗ ಶಾಲೆಯ ಹುಡುಗರೂ ಬಲ್ಲರು. ಬೆರಿಬೆರಿಯನ್ನು ತಡೆಯುವ ಅನ್ನಾಂಗವು, ಎಂದರೆ ಬಿ-೧ ಜೀವಸತ್ತ್ವವು, ಅಕ್ಕಿಯ ಹೊರಪದರದಲ್ಲಿಯೂ ಮೊಳಕೆಯಲ್ಲಿಯೂ ಇರುವುದು. ಹಸಿ ಭತ್ತವನ್ನು ಸುಲಿದು ಪಾಲಿಷ್ ಮಾಡಿದರೆ ಅದು ತೌಡಿನೊಡನೆ ಹೊರಟುಹೋಗುವುದು. ಭತ್ತವನ್ನು ಮೊದಲೇ ಬೇಯಿಸಿದರೆ ಅದು ನೀರಿನಲ್ಲಿ ಕರಗಿ ಕಾಳಿನ ಒಳಕ್ಕೆ ಇಳಿಯುವುದು. ಪಿಷ್ಟವು ಬೆಂದು ಗಟ್ಟಿಯಾಗಿ ಅದನ್ನು ಒಳಗೇ ಹಿಡಿದುಕೊಳ್ಳುವುದು. ಆಮೇಲೆ ಪಾಲಿಷ್ ಮಾಡಿದರೂ, ತೊಳೆದರೂ, ನಷ್ಟ ಕಡಿಮೆ. ೨೦೧೭ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ ಪ್ರಕಟಿಸಿದ ಆಹಾರಗಳ ಪಟ್ಟಿಯಲ್ಲಿ, ಪಾಲಿಷಾದ ಬೆಳ್ತಿಗೆಗಿಂತ ಪಾಲಿಷಾದ ಕುಚ್ಚಲಕ್ಕಿಯಲ್ಲಿ ಈ ಸತ್ತ್ವವು ಸುಮಾರು ಮೂರರಷ್ಟು ಹೆಚ್ಚೆಂದು ಕಾಣುವುದು. ಆ ಸಂಸ್ಥೆಯೇ ೧೯೧೮ರಲ್ಲಿ ಕೂನೂರಿನ ಒಂದು ಕೋಣೆಯಲ್ಲಿ, ಮೆಕ್ಯಾರಿಸನ್ ಎಂಬಾತನ ಬೆರಿಬೆರಿ ವಿಚಾರಣೆಯಾಗಿ ಹುಟ್ಟಿದುದು.

ಈಗ ಈ ಕಾಲದ ವಾದಕ್ಕೆ ಬರೋಣ. ೨೦೦೯ರಲ್ಲಿ ಬ್ರೆಜಿಲ್ ದೇಶದ ಮೊಂಟೇರೊ ಎಂಬ ವಿದ್ವಾಂಸರು ಆಹಾರದ ಗುಣವನ್ನು ಅದರೊಳಗಿನ ಕೊಬ್ಬು ಸಕ್ಕರೆಗಳಿಂದ ಮಾತ್ರ ಅಳೆಯದೆ ಸಂಸ್ಕರಣದ ಪ್ರಮಾಣದಿಂದ ಅಳೆಯಬೇಕೆಂದು ವಾದಿಸಿದರು. ಅನಂತರ ರೂಪುಗೊಂಡ ‘ನೋವಾ’ ಎಂಬ ವಿಂಗಡಣೆಯಲ್ಲಿ ನಾಲ್ಕು ವರ್ಗಗಳು, ಕಡೆಯದು ‘ಅತಿಸಂಸ್ಕೃತ’. ಅಂಗಡಿಯ ಮುಂದಿನ ತೋರಣವೆಲ್ಲ ಬಹುಮಟ್ಟಿಗೆ ಇದಕ್ಕೆ ಸೇರಿದುದು. ಇದರ ಮೇಲಿನ ಆಪಾದನೆ ಹುರುಳಿಲ್ಲದ್ದಲ್ಲ. ೨೦೧೯ರಲ್ಲಿ ಅಮೆರಿಕದಲ್ಲಿ ಕೆವಿನ್ ಹಾಲ್ ಮತ್ತು ಸಂಗಡಿಗರು ೨೦ ಮಂದಿಗೆ ಎರಡು ವಾರ ಈ ಬಗೆಯ ಆಹಾರವನ್ನೂ, ಎರಡು ವಾರ ಮನೆಯ ಅಡಿಗೆಯಂಥದನ್ನೂ ಬೇಕಾದಷ್ಟು ತಿನ್ನಲು ಬಿಟ್ಟರು. ಎರಡರಲ್ಲಿಯೂ ಸಕ್ಕರೆ, ಕೊಬ್ಬು, ಉಪ್ಪು, ನಾರು ಸಮವಾಗಿರುವಂತೆ ಹೊಂದಿಸಿದ್ದರು. ಆದರೂ ಅತಿಸಂಸ್ಕೃತವಾದುದನ್ನು ತಿನ್ನುವಾಗ ಜನ ದಿನಕ್ಕೆ ಸುಮಾರು ೫೦೦ ಕ್ಯಾಲರಿ ಹೆಚ್ಚಾಗಿ ತಿಂದರು. ಎರಡು ವಾರಗಳಲ್ಲಿ ಒಂದು ಕಿಲೋಗ್ರಾಮಿಗೆ ಸ್ವಲ್ಪ ಕಡಿಮೆ ತೂಕ ಏರಿತು. ಆದುದರಿಂದ ಮಕ್ಕಳ ಕೈಗೆ ಪೊಟ್ಟಣವನ್ನು ಕೊಡಬೇಡಿರೆಂದು ಹೇಳುವವರೊಡನೆ ನಾನೂ ದನಿಗೂಡಿಸುವೆನು.

ಆದರೆ ಇದೇ ನೋವಾ ವಿಂಗಡಣೆಯಲ್ಲಿ ನಮ್ಮ ಅಕ್ಕಿಗಳು ಎಲ್ಲಿವೆ? ತೌಡುಳ್ಳ ಅಕ್ಕಿ, ಕುಚ್ಚಲಕ್ಕಿ, ಹೊಳಪು ಕೊಟ್ಟ ಬಿಳಿಯ ಅಕ್ಕಿ ಮೂರೂ ಮೊದಲನೆಯ ವರ್ಗದಲ್ಲಿ, ಒಂದೇ ಪಂಕ್ತಿಯಲ್ಲಿ ಕುಳಿತಿವೆ! ಕೌಲಾಲಂಪುರದಲ್ಲಿ ಸಾವು ಬದುಕುಗಳನ್ನು ಬೇರ್ಪಡಿಸಿದ ಅಂತರ ಈ ತಕ್ಕಡಿಗೆ ಕಾಣುವುದೇ ಇಲ್ಲ. ಎಷ್ಟು ಸಂಸ್ಕಾರವಾಯಿತು ಎಂಬ ಪ್ರಶ್ನೆಗೆ ಅಕ್ಕಿಯ ವಿಷಯದಲ್ಲಿ ಬೆಲೆ ಕಡಿಮೆ. ಆ ಸಂಸ್ಕಾರ ಏನನ್ನು ಹೊರಕ್ಕೆ ಹಾಕಿತು, ಏನನ್ನು ಒಳಗೆ ಉಳಿಸಿತು ಎಂಬುದೇ ಕೇಳಬೇಕಾದುದು.

ಇಷ್ಟು ಹೇಳಿದ ಮೇಲೆ ಕುಚ್ಚಲಕ್ಕಿಯ ಅತಿಭಕ್ತರಿಗೂ ಒಂದು ಮಾತು ಹೇಳಬೇಕು. ಪಟ್ಟಣಗಳಲ್ಲಿ ಇದನ್ನು ಈಗ ಮಧುಮೇಹದ ಔಷಧವೆಂಬಂತೆ ಮಾರುವುದುಂಟು. ಕುಚ್ಚಿದ ಅಕ್ಕಿಯ ಪಿಷ್ಟವು ಸಾಮಾನ್ಯವಾಗಿ ಬಿಳಿಯ ಅಕ್ಕಿಯದಕ್ಕಿಂತ ನಿಧಾನವಾಗಿ ಸಕ್ಕರೆಯಾಗುವುದೇನೋ ನಿಜ. ಆದರೆ ತಳಿಯಿಂದ ತಳಿಗೆ, ಗಿರಣಿಯಿಂದ ಗಿರಣಿಗೆ ಇದು ಬಹಳ ವ್ಯತ್ಯಾಸವಾಗುವುದು. ಕೆಂಪು ಬಣ್ಣವೆಂಬುದು ತಳಿಯ ತೌಡಿನದು, ಕುಚ್ಚಿದುದರಿಂದ ಬಂದುದಲ್ಲ; ಪಾಲಿಷ್ ಹೆಚ್ಚಾದರೆ ಅದೂ ಹೋಗುವುದು. ಎಲ್ಲಕ್ಕಿಂತ ಮುಖ್ಯವಾದುದು ಪ್ರಮಾಣ. ಬಲೆ ಎಳೆಯುವವನೂ ನೇಜಿ ನೆಡುವವಳೂ ಉಣ್ಣುತ್ತಿದ್ದ ಅನ್ನದ ರಾಶಿಯನ್ನು ಕುರ್ಚಿಯಲ್ಲಿ ಕುಳಿತ ನಾವು ಉಂಡು, ಅಜ್ಜನ ಆಹಾರವೆಂದು ಸಮಾಧಾನಪಟ್ಟುಕೊಳ್ಳುವುದು ನ್ಯಾಯವಲ್ಲ. ಅಜ್ಜನ ಬಟ್ಟಲಿನಲ್ಲಿ ಗಂಜಿಯೊಂದೇ ಇರಲಿಲ್ಲ. ಮುಳ್ಳು ಸಮೇತ ಅಗಿಯುವ ಬೂತಾಯಿ ಮೀನು, ಬಸಳೆ, ಹುರುಳಿ, ಮಳೆಗಾಲದ ಪತ್ರೊಡೆ ಜೊತೆಗಿದ್ದುವು. ಇಲ್ಲದ ದಿನಗಳೂ ಬೇಕಾದಷ್ಟಿದ್ದುವು. ಬರಿಯ ಗಂಜಿ ಉಪ್ಪಿನಲ್ಲಿ ಬೆಳೆದ ಮಕ್ಕಳ ಆರೋಗ್ಯವನ್ನು ಹೊಗಳಲು ಏನೂ ಇಲ್ಲ. ಪೋಷಣ ಸಂಸ್ಥೆಯ ೨೦೨೪ರ ಸೂಚನೆಗಳು ದಿನದ ಶಕ್ತಿಯಲ್ಲಿ ಧಾನ್ಯಗಳ ಪಾಲು ಶೇಕಡ ೪೫ನ್ನು ಮೀರಬಾರದೆನ್ನುವುವು. ನಮ್ಮ ಎಲೆಗಳಲ್ಲಿ ಅದು ಯಾವಾಗಲೋ ಮೀರಿದೆ.

ಕೊನೆಯದಾಗಿ ರೇಷನ್ ಅಕ್ಕಿಯ ಮಾತು. ಹೊಳಪು ಕೊಟ್ಟು ಸತ್ತ್ವ ತೆಗೆದ ಅಕ್ಕಿಗೆ ಪುನಃ ಸತ್ತ್ವ ಬೆರೆಸುವ ಯೋಜನೆಯನ್ನು ಕೇಂದ್ರ ಸರ್ಕಾರ ೨೦೨೧ರಲ್ಲಿ ಘೋಷಿಸಿತು. ಅಕ್ಕಿಯ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ-೧೨ ಕಲಸಿ, ಶ್ಯಾವಿಗೆ ಒರಳಿನಂಥ ಯಂತ್ರದಲ್ಲಿ ಕಾಳಿನ ಆಕಾರಕ್ಕೆ ಒತ್ತಿ, ನೂರಕ್ಕೆ ಒಂದರಂತೆ ಸೇರಿಸುವುದು. ಹಳ್ಳಿಗಳಲ್ಲಿ ಇದನ್ನು ಕಂಡವರು ಪ್ಲಾಸ್ಟಿಕ್ ಅಕ್ಕಿಯೆಂದು ಹೆದರಿದರು. ಆ ಹೆದರಿಕೆಗೆ ಆಧಾರವಿಲ್ಲ. ೨೦೧೯ರಿಂದ ೨೧ರವರೆಗೆ ನಡೆದ ಸಮೀಕ್ಷೆಯಲ್ಲಿ ನಮ್ಮ ದೇಶದ ಹೆಂಗಸರಲ್ಲಿ ನೂರಕ್ಕೆ ೫೭ ಮಂದಿಗೆ ರಕ್ತಹೀನತೆಯಿದ್ದಿತೆಂದ ಮೇಲೆ ಸರ್ಕಾರ ಕೈಕಟ್ಟಿ ಕುಳಿತಿರಬೇಕೆಂದು ಯಾರೂ ಹೇಳಲಾರರು. ಆದರೂ ಒಂದು ವಿಪರ್ಯಾಸವನ್ನು ಗಮನಿಸಿರಿ. ಕಡ್ಡಾಯವಾಗಿ ಬೆರೆಸಬೇಕೆಂದು ಗೊತ್ತುಮಾಡಿದ ಆ ಮೂರರಲ್ಲಿ, ಪಾಲಿಷ್ ಮಾಡಿ ನಾವೇ ತೆಗೆದುಹಾಕಿದ ಬಿ-೧ ಇಲ್ಲ. ಅದು ಇಚ್ಛೆಯಿದ್ದರೆ ಹಾಕಬಹುದಾದವುಗಳ ಸಾಲಿನಲ್ಲಿದೆ.

ಕರಾವಳಿಯವರು ಬಹುಕಾಲದಿಂದ ಕೇಳಿದುದು ಇದಕ್ಕಿಂತ ಸರಳವಾದುದು: ನಮಗೆ ಬೆಳ್ತಿಗೆ ಬೇಡ, ನಾವು ಉಣ್ಣುವ ಕುಚ್ಚಲಕ್ಕಿಯನ್ನೇ ಕೊಡಿ ಎಂದು. ಬಡವರು ರೇಷನ್ನಿನ ಬೆಳ್ತಿಗೆಯನ್ನು ದೋಸೆಗೆ ಬೇಕಾದಷ್ಟು ಇಟ್ಟುಕೊಂಡು, ಉಳಿದುದನ್ನು ಸಿಕ್ಕಿದ ಬೆಲೆಗೆ ಮಾರಿ, ಆ ಹಣಕ್ಕೆ ಇನ್ನಷ್ಟು ಸೇರಿಸಿ ಕುಚ್ಚಲಕ್ಕಿಯನ್ನು ಕೊಳ್ಳುವುದುಂಟು. ಇದನ್ನು ಅಪರಾಧವೆಂದು ಕರೆಯುವವರು ಅದರ ಕಾರಣವನ್ನು ಕೇಳುವುದಿಲ್ಲ. ೨೦೨೧ರಲ್ಲಿ ರಾಜ್ಯ ಸರ್ಕಾರವು ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಬೆಳೆಯುವ ಜಯ, ಜ್ಯೋತಿ, ಎಂ.ಓ. ೪ ಮೊದಲಾದ ಭತ್ತಗಳನ್ನು ಬೆಂಬಲ ಬೆಲೆಗೆ ಕೊಂಡು, ಕುಚ್ಚಿಸಿ ಹಂಚುವ ಯೋಜನೆಯನ್ನು ಮುಂದಿಟ್ಟಿತು. ಗಿರಣಿಯವರು ಕೊಡುವ ಬೆಲೆಯೇ ಮೇಲಾಗಿದ್ದುದರಿಂದ ಸರ್ಕಾರಕ್ಕೆ ಭತ್ತ ಬರುವುದು ಕಷ್ಟವಾಯಿತು. ಗದ್ದೆಗಳೂ ಕಡಿಮೆಯಾಗುತ್ತಿವೆ, ಎರಡು ಜಿಲ್ಲೆಗಳ ಬೆಳೆ ಅಲ್ಲಿಯ ಜನಕ್ಕೆ ವರ್ಷಪೂರ್ತಿ ಸಾಲದು. ಆದುದರಿಂದ ಭತ್ತವನ್ನು ಹೊರಗಿನಿಂದ ತರಬೇಕಾದರೂ ತಂದು, ಕುಚ್ಚುವ ಕೆಲಸವನ್ನಾದರೂ ಕರಾವಳಿಯ ಗಿರಣಿಗಳಲ್ಲಿ ಮಾಡಿಸಬಹುದು. ತಗಲುವ ಹೆಚ್ಚಿನ ವೆಚ್ಚವನ್ನು ಲೆಕ್ಕ ಹಾಕುವಾಗ, ಇಂದು ಮಾರಾಟವಾಗಿ ಹೋಗುತ್ತಿರುವ ಬೆಳ್ತಿಗೆಯ ಬೆಲೆಯನ್ನೂ ಆ ಲೆಕ್ಕದಲ್ಲಿ ಬರೆಯತಕ್ಕದ್ದು.